ಪೀಪಾಯಿ ಉರುಳಿಸುವ ಗಡವ

ಹತ್ತಿರ ಬಂದು ಕೂತುಕೊಳ್ಳಿ, ಹಿಂದಿನವರಿಗೂ ಕೇಳಿಸಲಿ. ಬೂದಿಗುಡ್ಡ ಅಂತ ಒಂದು ರಾಜ್ಯ ಇತ್ತು. ಅಲ್ಲಿ ಬೊಮ್ಮರಸ ಅಂತ ಒಬ್ಬ ರಾಜ. ಕೆಟ್ಟವನಲ್ಲ. ಆದರೆ ಒಮ್ಮೆ ಕೊಟ್ಟ ಅಪ್ಪಣೆಯ ಬಗ್ಗೆ ಮತ್ತೆ ಯೋಚಿಸುವ ಅಭ್ಯಾಸ ಅವನಿಗಿರಲಿಲ್ಲ.

ಊರ ಪಕ್ಕದಲ್ಲೇ ಒಂದು ಕಡಿದಾದ ಗುಡ್ಡ. ಏಳು ತಿರುವಿನ ದಾರಿ. ತುದಿಯಲ್ಲಿ ಕೋಟೆ, ಕೋಟೆಯೊಳಗೆ ದೀಪದ ಬುರುಜು. ದೀಪದ ಎಣ್ಣೆ ಮರದ ಪೀಪಾಯಿಗಳಲ್ಲಿ ಮೇಲೆ ಹೋಗುತ್ತಿತ್ತು. ಖಾಲಿಯಾದ ಪೀಪಾಯಿಗಳು ಅಲ್ಲೇ ಗೋಡೆಯ ಪಕ್ಕ ಸಾಲಾಗಿ ನಿಂತಿರುತ್ತಿದ್ದವು. ಪ್ರತಿ ಹುಣ್ಣಿಮೆ ಸಂಜೆ ಆ ದೀಪವನ್ನು ಗಾಣದ ಮನೆಯ ಹೆಣ್ಣುಮಗುವೇ ಹಚ್ಚಬೇಕು. ಅದು ಅಲ್ಲಿಯ ಪದ್ಧತಿ. ಆ ಕಾಲಕ್ಕೆ ಗಾಣದ ಮನೆಯಲ್ಲಿ ಇದ್ದವರು ಇಬ್ಬರೇ. ಅಜ್ಜಿ ನೀಲವ್ವ, ಎಂಟು ವರ್ಷದ ಮೊಮ್ಮಗಳು ಹೊನ್ನಿ.

ಒಂದು ಹುಣ್ಣಿಮೆಗೆ ಕಾಡಿನಿಂದ ಒಂದು ಗಡವ ಬಂತು. ಗಡವ ಅಂದರೆ ಗೊತ್ತಲ್ಲ, ದೊಡ್ಡ ಗಂಡು ಕೋತಿ. ಇದಂತೂ ಆಳೆತ್ತರ ಇತ್ತು, ಮಾತೂ ಆಡುತ್ತಿತ್ತು. ದೀಪ ಹಚ್ಚಲು ಬಂದಿದ್ದ ಹೊನ್ನಿಯನ್ನು ಎತ್ತಿ ಬುರುಜಿನ ಮೇಲೆ ಕೂರಿಸಿತು. "ಒಂದು ಗಾಡಿ ಬಾಳೆಹಣ್ಣು ಕಳಿಸಿ. ಇಲ್ಲದಿದ್ರೆ ಹುಡುಗಿ ಇಲ್ಲೇ ಇರ್ತಾಳೆ" ಎಂದು ಕೂಗಿತು.

ದಳವಾಯಿ ಗಂಡುಗಲಿಯಪ್ಪ ಸೈನಿಕರನ್ನು ಕರೆದುಕೊಂಡು ಗುಡ್ಡ ಹತ್ತಿದ. ಗಡವ ಮೇಲಿನಿಂದ ಒಂದು ಪೀಪಾಯಿ ಉರುಳಿಸಿತು. ಸೈನಿಕರು ಹಾರಿ ದಾಟಿದರು. ಇನ್ನೊಂದು ಉರುಳಿಸಿತು. ಹಾರಿದರು. ಮತ್ತೊಂದು ಬಂತು. ಹಾರಿದವರು ಹಾರಿದರು, ಹಾರಲಾರದವರು ಕಾಲು ಮುರಿದುಕೊಂಡು ಕೆಳಗೆ ಬಂದರು. ಪೀಪಾಯಿ ಮುಗಿಯುವ ಹೊತ್ತಿಗೆ ದಳವಾಯಿ ತುದಿ ಮುಟ್ಟಿದ. ಗಡವ ಹಿಂದಿನ ಬಂಡೆ ಇಳಿದು ಓಡಿತು. ಹೊನ್ನಿ ಮನೆಗೆ ಬಂದಳು, ದಳವಾಯಿಗೆ ಚಿನ್ನದ ಕಡಗ ಸಿಕ್ಕಿತು.

ಆಮೇಲೆ ರಾಜ ಅಪ್ಪಣೆ ಮಾಡಿದ. "ಕೋಟೆಯ ಸಾಮಾನು ಕೋಟೆಯಲ್ಲೇ ಇರಬೇಕು." ಹಮಾಲರು ಬೆವರು ಸುರಿಸಿ, ಪೀಪಾಯಿಗಳನ್ನೆಲ್ಲ ಮೇಲಕ್ಕೆ ಹೊತ್ತು, ಮೊದಲಿನ ಹಾಗೇ ಸಾಲಾಗಿ ನಿಲ್ಲಿಸಿದರು.

ಎರಡನೆಯ ಹುಣ್ಣಿಮೆಗೆ ಗಡವ ಮತ್ತೆ ಬಂತು. ಮತ್ತೆ ಹೊನ್ನಿ ಬುರುಜಿನ ಮೇಲೆ. ಮತ್ತೆ ಪೀಪಾಯಿ, ಮತ್ತೆ ಹಾರಾಟ, ಮತ್ತೆ ಕಡಗ. ಮತ್ತೆ ಹಮಾಲರು.

ಮೂರನೆಯ ಹುಣ್ಣಿಮೆಗೂ ಅದೇ ಕಥೆ. ಆದರೆ ಆ ಸಲ ಹೊನ್ನಿಯ ಕಾಲು ಜಾರಿತು. ದಳವಾಯಿ ಬಂದು ಎಳೆದುಕೊಳ್ಳುವವರೆಗೂ ಮಗು ಬುರುಜಿನ ಅಂಚು ಹಿಡಿದು ನೇತಾಡುತ್ತಿತ್ತು. ಗಡವ ಓಡುತ್ತಾ ಓಡುತ್ತಾ ತಿರುಗಿ, "ಬರ್ತೀನಿ ದಳವಾಯಿ. ಪೀಪಾಯಿ ಸರಿಯಾಗಿ ಜೋಡಿಸಿಡ್ಸು" ಅಂದಿತು. ಹಳೆಯ ಗೆಳೆಯನಿಗೆ ಕೈ ಬೀಸುವ ಹಾಗೆ ದಳವಾಯಿಯೂ ಕೈ ಬೀಸಿದ.

ಮನೆಗೆ ಬಂದ ಹೊನ್ನಿ ಗಾಣದ ಹಿಂದೆ ಮುದುಡಿ ಕೂತಳು. ಕರೆದರೂ ಉಣ್ಣಲು ಬರಲಿಲ್ಲ. ನೀಲವ್ವ ಗಾಣ ನಿಲ್ಲಿಸಿದಳು. ನೇರವಾಗಿ ಅರಮನೆಗೆ ಹೋದಳು.

"ಬುದ್ಧಿ, ಮುಂದಿನ ಹುಣ್ಣಿಮೆಗೆ ನಾನು ಮಗೂನ ಕಳಿಸಲ್ಲ."

"ಪದ್ಧತಿ ಬಿಡೋಕಾಗುತ್ತಾ ನೀಲವ್ವ?" ಅಂದ ರಾಜ.

ದಳವಾಯಿ ಮೀಸೆ ತಿರುವಿದ. "ಹೆದರಬೇಡ ಅಜ್ಜಿ. ದಿನಾ ಅಂಗಳದಲ್ಲಿ ಹಾರೋದು ಕಲಿಸ್ತಿದ್ದೀನಿ. ಈಗ ನಮ್ಮವರು ಎದೆಯೆತ್ತರ ಹಾರ್ತಾರೆ."

"ನೀವು ಹಾರೋದು ಚೆನ್ನಾಗೇ ಇದೆ. ನನ್ನ ಮಗು ಬಿದ್ರೆ ಹಿಡಿಯೋರು ಯಾರು?"

ನೀಲವ್ವ ಮತ್ತೆ ರಾಜನ ಕಡೆ ತಿರುಗಿದಳು.

"ಹಂಗಾದ್ರೆ ಈ ತಿಂಗಳು ಪೀಪಾಯಿ ಸಾಗಿಸೋ ಕೆಲಸ ನನಗೆ ಬಿಡಿ. ಸುತ್ತ ಬಿಗಿದಿರೋ ಕಬ್ಬಿಣದ ಪಟ್ಟಿ ಬಿಚ್ಚಿ ಹಲಗೆ ಮಾಡಿ ಕಳಿಸ್ತೀನಿ. ಹಮಾಲರ ಬೆನ್ನಿಗೂ ಹಗುರ. ಎಣ್ಣೆ ತುಂಬೋವಾಗ ಮತ್ತೆ ಕಟ್ಟಿದ್ರಾಯ್ತು."

ರಾಜನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ, ಒಪ್ಪಿದ. ನೀಲವ್ವ ಒಂದೊಂದೇ ಪೀಪಾಯಿಯ ಪಟ್ಟಿ ತಟ್ಟಿ ಸಡಿಲಿಸಿದಳು. ಹಲಗೆಗಳನ್ನು ಹೊರೆ ಕಟ್ಟಿ ಗುಡ್ಡಕ್ಕೆ ಕಳಿಸಿದಳು. ಪಟ್ಟಿಗಳನ್ನು ತನ್ನ ಮನೆಯಲ್ಲೇ ಇಟ್ಟುಕೊಂಡಳು.

ಹುಣ್ಣಿಮೆ ಬಂತು. "ನಾನೂ ಹಿಂದೆನೇ ಬರ್ತೀನಿ ಮಗಾ" ಎಂದು ಹೊನ್ನಿಯ ತಲೆ ಸವರಿ, ಎತ್ತು ಹೊಡೆಯುವ ಬಾರುಕೋಲು ಹಿಡಿದು ನೀಲವ್ವ ಹೊರಟಳು. ಮಗು ಬೇಗ ಹತ್ತಿತು, ಮುದುಕಿ ಹಿಂದೆ ಬಿದ್ದಳು. ಗಡವ ಕಾದೇ ಕೂತಿತ್ತು. ಹೊನ್ನಿಯನ್ನು ಬುರುಜಿಗೆ ಏರಿಸಿ, ಕೈ ಉಜ್ಜಿಕೊಂಡು ಗೋಡೆಯ ಕಡೆ ತಿರುಗಿತು. ನೋಡಿದರೆ ಬರೀ ಹಲಗೆಯ ಹೊರೆ. ಒಂದು ಹಲಗೆ ಇಟ್ಟು ನೂಕಿತು. ಅದು ಗೇಣುದ್ದ ಜಾರಿ ನಿಂತಿತು. ಇನ್ನೊಂದನ್ನು ಎತ್ತಿ ಎಸೆಯಿತು. ಅದು ಮೊದಲ ತಿರುವಿನ ಬಂಡೆಗೆ ಬಡಿದು ಬಿತ್ತು. ಮೂರನೆಯದನ್ನು ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತಿತು.

ನೀಲವ್ವ ಮೂರು ಕಡೆ ಕೂತು ದಮ್ಮು ಆರಿಸಿಕೊಂಡು ಏಳೂ ತಿರುವು ಹತ್ತಿದಳು. ಎಲ್ಲೂ ಹಾರಬೇಕಾಗಿ ಬರಲಿಲ್ಲ.

"ನನ್ನ ಪೀಪಾಯಿ ಎಲ್ಲಿ?" ಗಡವದ ದನಿ ಕುಗ್ಗಿತ್ತು.

"ನಿನ್ನದು ಅಂತ ಯಾವತ್ತಿತ್ತು? ಮೊದಲ ಸಲ ಇಲ್ಲೇ ಸಿಕ್ಕಿದ್ವು. ಆಮೇಲೆ ನಾವೇ ಹೊತ್ತು ತಂದು ಕೊಟ್ವಿ, ನೀನು ನಮ್ಮ ಮೇಲೇ ಉರುಳಿಸಿದೆ. ಈ ಸಲ ಕೊಡಲಿಲ್ಲ."

ಬಾರುಕೋಲು ಎರಡು ಸಲ ಚಟೀರೆಂದಿತು. ಗಡವ ಹಲಗೆ ಬಿಸಾಕಿ ಬಂಡೆ ಇಳಿದು ಓಡಿತು. ಈ ಸಲ ತಿರುಗಿ ಮಾತಾಡಲಿಲ್ಲ. ನೀಲವ್ವ ಮೊಮ್ಮಗಳನ್ನು ಇಳಿಸಿ ಎದೆಗವಚಿಕೊಂಡಳು. ಇಬ್ಬರೂ ಅತ್ತರು. ಆಮೇಲೆ ಇಬ್ಬರೂ ಸೇರಿ ದೀಪ ಹಚ್ಚಿದರು. ಮುಂದಿನ ಹುಣ್ಣಿಮೆಗೆ ಗಡವ ಬಂಡೆಯ ಬುಡದವರೆಗೆ ಬಂದು, ಮೇಲೆ ನೋಡಿ, ಹೊರಟುಹೋಯಿತು. ಮತ್ತೆ ಆ ಕಡೆ ಸುಳಿಯಲಿಲ್ಲ.

ರಾಜ ನೀಲವ್ವನನ್ನು ಕರೆಸಿ ಕೇಳಿದ. "ಇಷ್ಟು ಸುಲಭ ಇತ್ತಾ? ಇದು ನಮಗ್ಯಾರಿಗೂ ಯಾಕೆ ಹೊಳೀಲಿಲ್ಲ?"

"ನೀವೆಲ್ಲ ಹಾರೋರನ್ನ ನೋಡ್ತಿದ್ರಿ ಬುದ್ಧಿ. ಹೊರೋರನ್ನ ಯಾರೂ ನೋಡಲಿಲ್ಲ."

ಇಷ್ಟೇ ಮಕ್ಕಳೇ. ಒಬ್ಬ ಕೆಟ್ಟವನು ಸೋತು ಓಡಿಹೋಗಿ ಮತ್ತೆ ಮತ್ತೆ ಬರುತ್ತಿದ್ದಾನೆ ಅಂದರೆ, ಅವನ ಕೈಗೆ ಆಯುಧ ಕೊಡುತ್ತಿರುವವರು ಯಾರು ಅಂತ ಮೊದಲು ನೋಡಬೇಕು. ಅದು ನಾವೇ ಆಗಿದ್ದರೆ, ಕೊಡುವುದನ್ನು ನಿಲ್ಲಿಸಬೇಕು.