ಬಳೆಗಾರ್ತಿ ಕೂತ ಜಟಕಾ

“ಉಸ್ತಾದ್, ಕಾರಿನ ಸ್ಪ್ರಿಂಗು ಬಿಗಿ ಇದ್ದರೆ ಒಳ್ಳೆಯದೋ, ಮೆದು ಇದ್ದರೆ ಒಳ್ಳೆಯದೋ?”

ಗರಡಿಮನೆಯ ಹೊಸ್ತಿಲು ದಾಟುವ ಮೊದಲೇ ಲೋಹಿತ ಕೇಳಿಬಿಟ್ಟ. ಚಪ್ಪಲಿ ಕಳಚಿದ್ದು ಆಮೇಲೆ. ಬಾಗಿ ಕೆಮ್ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡದ್ದು ಅದಕ್ಕೂ ಆಮೇಲೆ.

ಉಸ್ತಾದ್ ಮಾದಯ್ಯ ಗುದ್ದಲಿ ಹಿಡಿದು ಕುಸ್ತಿಯ ಮಣ್ಣನ್ನು ಸಡಿಲಿಸುತ್ತಿದ್ದರು. ಎಪ್ಪತ್ತು ದಾಟಿದರೂ ಆ ಕೆಲಸವನ್ನು ಅವರು ಬೇರೆಯವರಿಗೆ ಬಿಟ್ಟುಕೊಟ್ಟವರಲ್ಲ. ತಲೆಯೆತ್ತದೆಯೇ ಕೇಳಿದರು.

“ಮೊದಲು ಉಸಿರು ಬಿಡು ಮಗಾ. ಕಾರಿನಲ್ಲಿ ಕೂತು ಬಂದೆಯೋ, ಕಾರನ್ನು ಹೊತ್ತುಕೊಂಡು ಬಂದೆಯೋ?”

ಲೋಹಿತ ನಕ್ಕ. ಆದರೆ ಒಂದು ಕಡೆ ಕೂರಲು ಅವನಿಂದ ಆಗಲಿಲ್ಲ. ಮೀಸೆ ಮೂಡುವ ವಯಸ್ಸಿನಲ್ಲಿ ಇದೇ ಮಣ್ಣಿನಲ್ಲಿ ಬಿದ್ದು ಎದ್ದವನು ಅವನು. ಈಗ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕ. ಹೊರಗೆ ಬೇವಿನ ಮರದ ಕೆಳಗೆ ಅವನ ಕೆಂಪು ಕಾರು ನಿಂತಿತ್ತು. ಚಿಕ್ಕದು, ತಗ್ಗು, ಓಟಕ್ಕೆಂದೇ ಹುಟ್ಟಿದ ಹಾಗಿತ್ತು. ದಿನವೂ ಅದರಲ್ಲೇ ಕೆಲಸಕ್ಕೆ ಹೋಗುತ್ತಿದ್ದ. ಭಾನುವಾರ ಬೆಳಗ್ಗೆ ಅದನ್ನೇ ಬೆಟ್ಟದ ತಿರುವುಗಳಿಗೆ ಹತ್ತಿಸುತ್ತಿದ್ದ. ಯುಗಾದಿಗೆ ಬಿಗಿ ಸ್ಪ್ರಿಂಗು ಹಾಕಿಸಿ ಕಾರನ್ನು ಎರಡು ಬೆರಳು ಇಳಿಸಿದ್ದ. ಈಗ ಗ್ಯಾರೇಜಿಗೆ ಇನ್ನೂ ಹೊಸದೊಂದು ಬಂದಿತ್ತು.

“ತಿರುಪು ಇದೆ ಉಸ್ತಾದ್, ಮೇಲುಗಡೆ ಒಂದು ತಿರುಪು! ಕೈಯಲ್ಲೇ ತಿರುಗಿಸೋದು. ಹೀಗೆ ತಿರುಗಿಸಿದರೆ ಬಿಗಿ, ಹಾಗೆ ತಿರುಗಿಸಿದರೆ ಮೆದು. ಎರಡು ಜಾತಿ ಬಂದಿದೆ. ಒಂದರಲ್ಲಿ ಎತ್ತರ ಮಾತ್ರ ಬದಲಾಗುತ್ತೆ. ಇನ್ನೊಂದರಲ್ಲಿ ಎತ್ತರ, ಬಿಗಿ ಎರಡೂ. ಮುಂದಿನ ಭಾನುವಾರ ಬೆಟ್ಟದ ಮೇಲೆ ಕಾರುಗಳ ಓಟ. ಸೋಮವಾರ ಅದೇ ಕಾರು, ಅದೇ ಗುಂಡಿ ಬಿದ್ದ ರಸ್ತೆ, ಕೆಲಸಕ್ಕೆ ಹೋಗಬೇಕು. ಸಾಯಂಕಾಲದೊಳಗೆ ಯಾವುದು ಅಂತ ಗ್ಯಾರೇಜಿನವನಿಗೆ ಹೇಳಬೇಕು. ರಾತ್ರಿಯೆಲ್ಲಾ ನಿದ್ದೆ ಇಲ್ಲ ನನಗೆ.”

“ಮದುವೆ ನಿಶ್ಚಯವಾದಾಗಲೂ ನೀನು ಇಷ್ಟು ಒದ್ದಾಡಲಿಲ್ಲ” ಎಂದರು ಉಸ್ತಾದರು. ಗುದ್ದಲಿ ಒಂದು ಕ್ಷಣ ನಿಂತಿತು. “ನಿನ್ನೆ ನಿಮ್ಮಮ್ಮ ಬಸ್ ಸ್ಟಾಪಿನಲ್ಲಿ ಕಂಡರು. ಪಾಠ ಹೇಳಲು ಕಾಲೇಜಿಗೆ ನಿನ್ನ ಕಾರಿನಲ್ಲೇ ಹೋಗುತ್ತಿದ್ದರಲ್ಲ?”

“ಹೋಗ್ತಿದ್ರು. ಮುಂದಿನ ಸೀಟು ತಗ್ಗು, ಕೂತರೆ ಏಳೋಕಾಗಲ್ಲ ಅಂತ ಹಿಂದೆ ಕೂರ್ತಿದ್ರು. ಯುಗಾದಿ ಆದಮೇಲೆ ಯಾಕೋ ಬಸ್ಸೇ ವಾಸಿ ಅಂತಾರೆ. ಅಲ್ಲಿ ಜೊತೆಯ ಮೇಡಮ್ಮುಗಳು ಸಿಕ್ತಾರೆ ನೋಡಿ, ಹರಟೆಗೆ. ಅದಿರಲಿ ಉಸ್ತಾದ್. ಬಿಗಿಯೋ, ಮೆದುವೋ?”

ಉಸ್ತಾದರು ಗುದ್ದಲಿಯನ್ನು ಗೋಡೆಗೆ ಒರಗಿಸಿ, ಕಲ್ಲುಚಪ್ಪಡಿಯ ಮೇಲೆ ಕೂತು, ಅವನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಜಟಕಾದವನಿದ್ದ. ಬೆಳಗಾದರೆ ಬಾಡಿಗೆ, ವರ್ಷಕ್ಕೊಮ್ಮೆ ಓಟ. ಎರಡಕ್ಕೂ ಅದೇ ಗಾಡಿ, ಅದೇ ಕುದುರೆ.

ಆ ಊರಿನ ಜಟಕಾ ಓಟಕ್ಕೆ ಒಂದು ಕಟ್ಟಳೆ ಇತ್ತು. ಖಾಲಿ ಗಾಡಿ ಓಡಿಸುವಂತಿಲ್ಲ. ದಿನವೂ ಆ ಗಾಡಿಯಲ್ಲಿ ಹೋಗಿಬರುವ ಗಿರಾಕಿಯೊಬ್ಬರು ತಾವಾಗಿ ಒಪ್ಪಿ ಹಿಂದೆ ಕೂತಿರಬೇಕು. ಮನೆಯವರು ಸಲ್ಲರು, ನೆಂಟರು ಸಲ್ಲರು. ಗೆದ್ದವನಿಗೆ ಜರಿಪೇಟ. ಪೇಟಕ್ಕಿಂತ ದೊಡ್ಡದು ಇನ್ನೊಂದು. ಮುಂದಿನ ಓಟದವರೆಗೆ ಜಟಕಾ ಸ್ಟ್ಯಾಂಡಿನಲ್ಲಿ ಮೊದಲ ಜಾಗ ಅವನದು. ಈ ಜಟಕಾದವನ ಅಪ್ಪ ಬದುಕಿದ್ದಷ್ಟು ಕಾಲ ಆ ಜಾಗ ಬಿಟ್ಟುಕೊಟ್ಟಿರಲಿಲ್ಲ. ಮಗ ಮಾತ್ರ ವರ್ಷ ವರ್ಷವೂ ಕರಿ ಕುದುರೆಯವನ ಧೂಳು ಕುಡಿದು ಎರಡನೆಯವನಾಗುತ್ತಿದ್ದ. ಸ್ಟ್ಯಾಂಡಿನಲ್ಲಿ ಅವನ ಗಾಡಿ ಕಂಡರೆ ಸಾಕು, ಕರಿ ಕುದುರೆಯವನು “ಬಾಪ್ಪಾ, ನನ್ನ ಬಾಲ ಬಂತು” ಎನ್ನುತ್ತಿದ್ದ. ಈ ವರ್ಷ ಗೆಲ್ಲಲೇಬೇಕು ಎಂದು ಜಟಕಾದವನು ಹಲ್ಲು ಕಚ್ಚಿ ನಿಂತ.

ಆಗ ಒಬ್ಬ ಕಮ್ಮಾರ ಹೊಸ ಬಗೆಯ ಕಮಾನು ಮಾಡಿದ. ಕಮಾನು ಎಂದರೆ ಗಾಡಿಗೂ ಅಚ್ಚಿಗೂ ನಡುವೆ ಕೂರುವ ಬಾಗಿದ ಉಕ್ಕಿನ ಪಟ್ಟಿ. ಕುಲುಕನ್ನು ನುಂಗುವುದು ಅದೇ. ಈ ಕಮ್ಮಾರ ಅದರ ತುದಿಗೆ ಒಂದು ತಿರುಪು ಇಟ್ಟಿದ್ದ.

“ಥೇಟ್ ನಮ್ಮ ಗ್ಯಾರೇಜಿನದೇ!” ಎಂದು ಲೋಹಿತ ಎದ್ದುನಿಂತ.

“ಕೂತ್ಕೋ” ಎಂದರು ಉಸ್ತಾದರು.

ಕಮ್ಮಾರ ಹೇಳಿದ: “ಗಿರಾಕೀನ ಕೂರಿಸಿಕೊಂಡು ಬಾ. ಆಳು ಕೂತಮೇಲೆ ತಿರುಪು ಹದ ಮಾಡಿಕೊಡ್ತೀನಿ.”

“ಗಾಡಿ ನಂದು. ಅದರ ಹದ ನನಗೆ ಗೊತ್ತಿಲ್ವೇನಯ್ಯಾ?” ಎಂದ ಜಟಕಾದವನು. ಖಾಲಿ ಗಾಡಿಯಲ್ಲೇ ತಿರುಪನ್ನು ಬಿಗಿದ. ಇನ್ನು ತಿರುಗದು ಎನ್ನುವವರೆಗೆ ಬಿಗಿದ.

ಮರುದಿನ ಬೆಳಗ್ಗೆ ಕೆರೆ ಏರಿಯ ಮೇಲೆ ಗಾಡಿ ಬಿಟ್ಟು ನೋಡಿದ. ನುಣ್ಣಗಿನ ಮಣ್ಣಿನ ಹಾದಿ. ಹಿಂದೆ ಯಾರೂ ಇಲ್ಲ. ಗಾಡಿ ಅಲುಗಲಿಲ್ಲ, ವಾಲಲಿಲ್ಲ, ಬಿಟ್ಟ ಬಾಣದ ಹಾಗೆ ಹೋಯಿತು. ನೆಲದ ಒಂದೊಂದು ಹರಳೂ ಅವನ ಅಂಗೈಗೆ ಗೊತ್ತಾಗುತ್ತಿತ್ತು. ಅವನಿಗೆ ಹಿಡಿಸಲಾರದಷ್ಟು ಸಂತೋಷ. “ಸಿಕ್ಕಿತು! ಸಿಕ್ಕಿತು!” ಎಂದು ಒಬ್ಬನೇ ಕೂಗಿದ. ಏರಿಯ ಮೇಲಿದ್ದ ಕೊಕ್ಕರೆಗಳು ಎದ್ದು ಹಾರಿದವು.

ಅಂದಿನಿಂದ ಬಾಡಿಗೆಗೂ ಅದೇ ಬಿಗಿ. ಪೇಟೆಯ ಹಾದಿ ಮಾತ್ರ ಏರಿಯಂತಿರಲಿಲ್ಲ. ಅದು ಕಲ್ಲು ಹಾಸಿದ್ದು. ಆದರೂ ಜಟಕಾದವನಿಗೆ ಕುಲುಕು ತಟ್ಟಲಿಲ್ಲ. ಅವನ ಕೈಯಲ್ಲಿ ಲಗಾಮಿತ್ತು, ಕಾಲೂರಲು ಕಬ್ಬಿಣದ ಪಟ್ಟಿ ಇತ್ತು, ಕಣ್ಣು ಹಾದಿಯ ಮೇಲಿತ್ತು. ಮುಂದೆ ಬರುವ ಕುಳಿಯನ್ನು ಮೊದಲೇ ಕಂಡವನು ಮೈಯನ್ನು ಮೊದಲೇ ಸಜ್ಜು ಮಾಡಿಕೊಳ್ಳುತ್ತಾನೆ. ಹಿಂದೆ ಕೂತವರಿಗೆ ಕಾಣುವುದು ಬಿಟ್ಟುಹೋದ ಹಾದಿ ಮಾತ್ರ.

ಅವನ ಗಾಡಿಗೆ ಒಬ್ಬಳು ಬಳೆಗಾರ್ತಿ ದಿನವೂ ಬರುತ್ತಿದ್ದಳು. ಗಾಜಿನ ಬಳೆಗಳನ್ನು ಹಗ್ಗಕ್ಕೆ ಪೋಣಿಸಿದ ಮಲಾರವನ್ನು ತೊಡೆಯ ಮೇಲಿಟ್ಟುಕೊಂಡು ಸುತ್ತಲಿನ ಕೇರಿಗಳಿಗೆ ಹೋಗುವವಳು. ಬಳೆಗಾರರಲ್ಲಿ ಒಂದು ಪದ್ಧತಿ. ಬಳೆ ಒಡೆಯಿತು ಎಂಬ ಮಾತನ್ನು ಅವರು ಬಾಯಿಂದ ಆಡುವುದಿಲ್ಲ. ಮುತ್ತೈದೆಯರ ಕೈಗೆ ತೊಡಿಸುವ ವಸ್ತು, ಆ ಮಾತು ಅಶುಭ. ಚೂರಾದರೆ ಆರಿಸಿ ಸೆರಗಿನ ತುದಿಗೆ ಕಟ್ಟಿಕೊಂಡು ಸುಮ್ಮನೆ ಹೋಗುತ್ತಾರೆ. ಅವಳೂ ಹಾಗೆಯೇ ಮಾಡಿದಳು. ಕೆಲವು ದಿನ ಸೆರಗಿಗೆ ಏನನ್ನೋ ಕಟ್ಟಿಕೊಂಡು ಇಳಿದಳು. ಆಮೇಲೆ ಒಂದು ದಿನ ಎತ್ತಿನ ಗಾಡಿ ಹತ್ತಿದಳು. ಜಟಕಾದವನು ನೋಡಿ ನಕ್ಕ. “ಎತ್ತಿನ ಗಾಡಿ ಹತ್ತಿದಾಳೆ! ಸಂತೆ ಮುಗಿದಮೇಲೆ ತಲುಪ್ತಾಳೆ ಬಿಡು!”

ಅವಳ ಹಿಂದೆ ಮೇಷ್ಟರು ಹೋದರು. ಮೇಷ್ಟರ ಹಿಂದೆ ಎಣ್ಣೆ ವ್ಯಾಪಾರಿ ಹೋದ. ಜಟಕಾದವನು ಚಿಂತಿಸಲಿಲ್ಲ. ಗಾಡಿ ಹಗುರವಾಯಿತು, ಕುದುರೆಗೆ ವಿಶ್ರಾಂತಿ ಸಿಕ್ಕಿತು, ಎಲ್ಲವೂ ಓಟಕ್ಕೆ ಒಳ್ಳೆಯದೇ ಎಂದುಕೊಂಡ.

ಓಟದ ಹಿಂದಿನ ದಿನ ಊರ ಹಿರಿಯರು ಕೇಳಿದರು: “ನಿನ್ನ ಗಾಡಿಯಲ್ಲಿ ಕೂರುವವರು ಯಾರಪ್ಪಾ?”

ಅವನಿಗೆ ಆಗ ಕಟ್ಟಳೆ ನೆನಪಾಯಿತು. ಎದ್ದೆನೋ ಬಿದ್ದೆನೋ ಎಂದು ಓಡಿದ. ಮೇಷ್ಟರು ಸೊಂಟ ಹಿಡಿದುಕೊಂಡು ಒಳಗೆ ಹೋದರು. ಎಣ್ಣೆ ವ್ಯಾಪಾರಿ ತಲೆ ಕೆರೆದುಕೊಂಡ.

“ನಾಳೆ ನಮ್ಮತ್ತೆ ಬರ್ತಾರೆ ಕಣಯ್ಯಾ.”

“ನಿಮ್ಮತ್ತೆ ಹೋದ ವರ್ಷವೇ ತೀರಿಕೊಂಡರಲ್ಲಾ ಸ್ವಾಮೀ?”

“ಹಾಗಾದರೆ ನಾಳೆ ಅವರ ತಿಥಿ.”

ಕರಿ ಕುದುರೆಯವನು ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ: “ಈ ವರ್ಷ ನನಗೆ ಬಾಲವೇ ಇಲ್ಲ!”

ಕೊನೆಗೆ ಜಟಕಾದವನು ಬಳೆಗಾರ್ತಿಯ ಮನೆ ಬಾಗಿಲಿಗೆ ಹೋಗಿ ನಿಂತ. ಅವಳು ಹೊಸ ಮಲಾರ ಪೋಣಿಸುತ್ತಿದ್ದಳು.

“ಅವ್ವಾ, ನೀನು ಕೂರದಿದ್ದರೆ ನಾಳೆ ನನ್ನ ಗಾಡಿ ಗೆರೆಯ ಹತ್ತಿರ ನಿಲ್ಲೋಕೂ ಇಲ್ಲ. ನಮ್ಮಪ್ಪನ ಜಾಗ ಹೋಗೇ ಹೋಯ್ತು. ನನ್ನಿಂದ ತಪ್ಪೇನಾಯ್ತು, ಅದನ್ನಾದರೂ ಹೇಳು.”

ಬಳೆಗಾರ್ತಿ ಮಲಾರದ ಹಗ್ಗಕ್ಕೆ ಗಂಟು ಹಾಕಿ ಎದ್ದಳು. “ಕೂರ್ತೀನಿ. ಆದರೆ ಮೊದಲು ಒಂದು ಸುತ್ತು ನಾನು ಲಗಾಮು ಹಿಡೀತೀನಿ. ನೀನು ನನ್ನ ಜಾಗದಲ್ಲಿ ಕೂರು.”

“ನೀನು? ಲಗಾಮು?”

“ಯಾಕೆ, ನಿನ್ನ ಕುದುರೆ ಗಂಡಸರ ಮಾತು ಮಾತ್ರ ಕೇಳುತ್ತಾ?”

ಮಲಾರವನ್ನು ಅವನ ತೊಡೆಯ ಮೇಲಿಟ್ಟಳು. ಹಸಿರು ಬಳೆ, ಕೆಂಪು ಬಳೆ. ಹಸುಗೂಸನ್ನು ಎತ್ತಿಕೊಂಡವನಂತೆ ಅವನು ಹಿಡಿದುಕೊಂಡ. ಅವಳು ಕುದುರೆಯನ್ನು ಪೇಟೆಯ ಕಲ್ಲುಹಾದಿಗೆ ಬಿಟ್ಟಳು.

ಮೊದಲ ಕಲ್ಲಿಗೆ ಅವನ ಹಲ್ಲಿಗೆ ಹಲ್ಲು ಬಡಿಯಿತು. ಎರಡನೆಯದಕ್ಕೆ ತಲೆ ಗಾಡಿಯ ಬಾಗಿದ ಚಾವಣಿಗೆ ಹೊಡೆಯಿತು. ಮೂರನೆಯದು ಯಾವಾಗ ಬಂತೋ ಗೊತ್ತಾಗಲಿಲ್ಲ, ಏಕೆಂದರೆ ಹಾದಿ ಅವನಿಗೆ ಕಾಣುತ್ತಿರಲಿಲ್ಲ. ಬೆನ್ನು ಬಗ್ಗಿಸಿದ. ಮೊಣಕೈ ಅಡ್ಡ ಹಿಡಿದ. ಮಲಾರವನ್ನು ಎದೆಗೆ ಅಪ್ಪಿಕೊಂಡ. ಮಲಾರದೊಳಗೆ ಎಲ್ಲೋ ಒಂದು ಸಣ್ಣ ಸದ್ದಾಯಿತು. ಇನ್ನೊಂದಾಯಿತು.

ಗಾಡಿ ನಿಂತಿತು. “ಏನಾಯಿತು?” ಎಂದು ಅವಳು ತಿರುಗಿ ಕೇಳಿದಳು.

ಜಟಕಾದವನು ಆ ಮಾತನ್ನು ಆಡಲಿಲ್ಲ. ಚೂರುಗಳನ್ನು ಒಂದೊಂದಾಗಿ ಆರಿಸಿ ತನ್ನ ಹೆಗಲ ಮೇಲಿನ ವಲ್ಲಿಯ ತುದಿಗೆ ಗಂಟು ಹಾಕಿಕೊಂಡ.

ಗರಡಿಯಲ್ಲಿ ಲೋಹಿತನ ಕಾಲು ಕುಣಿಯುವುದನ್ನು ನಿಲ್ಲಿಸಿತ್ತು. “ಆಮೇಲೆ?” ಎಂದ, ಮೆಲ್ಲಗೆ.

ಆಮೇಲೆ ಅವಳು ತನ್ನ ಜಾಗದಲ್ಲಿ ಕೂತಳು. ಅವನು ಗಾಡಿಯ ಕೆಳಗೆ ನುಗ್ಗಿ ತಿರುಪು ಸಡಿಲಿಸಿದ. ಒಂದು ಸುತ್ತು ಹೋಗಿ ಬಂದರು. “ಈಗ ತೊಟ್ಟಿಲು ಆಯ್ತು, ತಿರುವಿನಲ್ಲಿ ನನ್ನನ್ನ ಚೆಲ್ಲಿಬಿಡ್ತೀಯ” ಎಂದಳು. ಸ್ವಲ್ಪ ಬಿಗಿದ. ಮತ್ತೆ ಹೋದರು. “ಬೆನ್ನಿಗೆ ಬಂತು” ಎಂದಳು. ಒಂದು ಎಳೆ ಸಡಿಲಿಸಿದ. ಮತ್ತೆ ಹೋದರು. ಈ ಸಲ ಅವಳು ಮಲಾರದಿಂದ ಕೈ ತೆಗೆದು ಎಲೆ ಅಡಿಕೆ ಚೀಲ ಬಿಚ್ಚಿದಳು. ಅವನು ಅದನ್ನು ನೋಡಿ ತಿರುಪನ್ನು ಅಲ್ಲಿಗೇ ನಿಲ್ಲಿಸಿದ.

ಓಟದ ದಿನ ಊರಿಗೆ ಊರೇ ಕೆರೆ ಏರಿಯ ಮೇಲೆ ನಿಂತಿತ್ತು. ತಮಟೆಯ ಪೆಟ್ಟು ಬಿತ್ತು, ಗಾಡಿಗಳು ಹೊರಟವು. ನುಣ್ಣಗಿನ ಏರಿಯ ಮೇಲೆ ಕರಿ ಕುದುರೆಯೇ ಮುಂದೆ. ಅದರ ಗಾಡಿಗೂ ಅದೇ ಕಮ್ಮಾರನ ಕಮಾನು, ಕಲ್ಲಿನ ಹಾಗೆ ಬಿಗಿದದ್ದು. “ಬಾಲ ಬಂತಾ?” ಎಂದು ಕರಿ ಕುದುರೆಯವನು ತಿರುಗಿ ನೋಡಿ ಕೂಗಿದ.

ಏರಿ ಮುಗಿಯಿತು. ಕಲ್ಲುಸೇತುವೆ ಬಂತು.

ಹಿಂದಿನ ವರ್ಷಗಳಲ್ಲಿ ಜಟಕಾದವನು ಸೋಲುತ್ತಿದ್ದದ್ದು ಇಲ್ಲೇ. ಸೇತುವೆ ಹತ್ತಿದೊಡನೆ ಹಿಂದೆ ಕೂತವರು “ಅಯ್ಯೋ, ನಿಧಾನ!” ಎಂದು ಚೀರುತ್ತಿದ್ದರು. ಅವನ ಕೈ ತಾನಾಗಿ ಲಗಾಮು ಎಳೆಯುತ್ತಿತ್ತು. ಈ ವರ್ಷ ಹಿಂದಿನಿಂದ ಬೇರೆಯೇ ಕೂಗು ಬಂತು.

“ಬಿಡೋ ಲಗಾಮು! ನನ್ನ ಚಿಂತೆ ಬಿಟ್ಟು ಲಗಾಮು ಬಿಡೋ!”

ಬಿಟ್ಟ! ಮುಂದೆ ಕರಿ ಕುದುರೆಯ ಗಾಡಿ ಕಲ್ಲಿನಿಂದ ಕಲ್ಲಿಗೆ ಎಗರುತ್ತಿತ್ತು. ನೆಲ ಬಿಟ್ಟ ಚಕ್ರಕ್ಕೆ ಯಾವ ಕುದುರೆಯ ಹಂಗೂ ಇಲ್ಲ. ಸೇತುವೆ ಮುಗಿದ ಕಡೆಯ ತಿರುವಿನಲ್ಲಿ ಅದು ಎಳೆದತ್ತ ಬಾರದೆ ಹೊರಗೆ ಜಾರಿತು. ಈ ಗಾಡಿಯ ಚಕ್ರಗಳು ಕಲ್ಲನ್ನು ಸವರಿಕೊಂಡು, ಹಲ್ಲಿಯ ಹಾಗೆ ಅಂಟಿಕೊಂಡು, ಒಳಗಿನಿಂದ ನುಗ್ಗಿದವು. ಎರಡು ಕುದುರೆಗಳ ಮುಸುಡಿ ಸಮಸಮ. ಬಳೆಗಾರ್ತಿ ಮಲಾರವನ್ನು ಎತ್ತಿ ಹಿಡಿದು ಝಣಝಣ ಅಲ್ಲಾಡಿಸಿದಳು. ಆ ಸದ್ದಿಗೆ ಕುದುರೆ ಕಿವಿ ನಿಮಿರಿಸಿ ಕತ್ತು ಚಾಚಿತು. ಆ ಒಂದು ಕತ್ತಿನಷ್ಟರಲ್ಲಿ ಗೆರೆ ದಾಟಿತು!

ಮಲಾರದಲ್ಲಿ ಒಂದು ಬಳೆಯೂ ಕಡಿಮೆಯಾಗಿರಲಿಲ್ಲ.

“ಗೆದ್ದ!” ಲೋಹಿತ ಚಪ್ಪಡಿಯಿಂದ ನೆಗೆದೇಬಿಟ್ಟ. ತೊಡೆ ತಟ್ಟಿದ. ಕಾರಿನ ಕೀ ಕೈಯಲ್ಲಿ ಕುಣಿಯಿತು. “ಹಾಗಾದರೆ ಬಿಗಿ ಬದಲಾಗೋದನ್ನೇ ಹಾಕಿಸ್ತೀನಿ ಉಸ್ತಾದ್, ಈಗಲೇ ಹೋಗಿ ಹೇಳ್ತೀನಿ! ಒಂದು ಮಾತು ಮಾತ್ರ ಹೇಳಿಬಿಡಿ. ಅವನು ಕೊನೆಗೆ ತಿರುಪನ್ನ ಎಷ್ಟು ಸುತ್ತಿಗೆ ನಿಲ್ಲಿಸಿದ?”

ಉಸ್ತಾದರು ಎದ್ದು ಗುದ್ದಲಿ ಕೈಗೆ ತೆಗೆದುಕೊಂಡರು.

“ಅದನ್ನು ಹಿಂದೆ ಕೂರುವವರನ್ನು ಕೇಳಬೇಕು ಮಗಾ, ನಿನ್ನ ಹಿಂದೆ ಕೂರುವವರು ಬಸ್ಸಿನಲ್ಲಿ ಹೋದರಲ್ಲ.”

ಲೋಹಿತನ ಕೈಯಲ್ಲಿ ಕೀ ಸದ್ದು ನಿಲ್ಲಿಸಿತು.