ಹೊಸಿಲು ದಾಟಿದ ಮೇಲೆ

“ಬುದ್ಧೀ, ಮಗಳು ಅರ್ಧ ಊಟಕ್ಕೇ ತಟ್ಟೆ ಬಿಟ್ಟು ಏಳ್ತಾಳೆ. ದಪ್ಪ ಇದ್ದೀನಿ ಅಂತಾಳೆ. ಚೆನ್ನಾಗಿದ್ದೀಯ ಕಣೇ ಅಂತ ಎಷ್ಟು ಹೇಳಿದ್ರೂ ನಂಬಲ್ಲ. ಇನ್ನು ಹೇಗೆ ಹೇಳ್ಲಿ?”

ಮಠಕ್ಕೆ ಬಂದಿದ್ದ ದಾಕ್ಷಾಯಿಣಿ ಸ್ವಾಮಿಗಳ ಮುಂದೆ ಕೂತು ಹೀಗೆ ಕೇಳಿದಳು. ಹದಿನಾಲ್ಕರ ಮಗಳು ಇಂಚರ ಪಕ್ಕದಲ್ಲಿ ತಲೆತಗ್ಗಿಸಿ ಕೂತಿದ್ದಳು. ಕೈ ಎತ್ತಿದರೆ ಹುಡುಗಿಯ ಬಳೆ ಮೊಳಕೈವರೆಗೆ ಜಾರುತ್ತಿತ್ತು. ತುಸು ಹೊತ್ತಿನ ಹಿಂದೆ ನೆರೆಮನೆಯಾಕೆಯೊಬ್ಬಳು ಅಲ್ಲಿಗೆ ಬಂದು ಹೋಗಿದ್ದಳು. ದಾಕ್ಷಾಯಿಣಿ ಅವಳನ್ನು ನಗುನಗುತ್ತ ಮಾತಾಡಿಸಿ, ಅವಳು ಮೆಟ್ಟಿಲಿಳಿದ ಮೇಲೆ, “ಹೇಗೆ ಊದಿಕೊಂಡಿದ್ದಾಳೆ ನೋಡೇ” ಎಂದು ಮಗಳಿಗೆ ಹೇಳಿದ್ದಳು. ಹೇಳಿದ್ದು ಅವಳಿಗೆ ಆಗಲೇ ಮರೆತಿತ್ತು. ಸ್ವಾಮಿಗಳಿಗೆ ವಯಸ್ಸಾಗಿದ್ದರೂ ಕಿವಿ ಚುರುಕು.

ಅವರು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ರವಿಕೆ ಹೊಲಿಯುವ ಒಬ್ಬ ಹೆಂಗಸಿದ್ದಳು. ಅವಳು ಟೇಪು ಹಿಡಿದು ಅಳತೆ ಕೂಗುವಳು, ಮಗಳು ಪುಸ್ತಕದಲ್ಲಿ ಬರೆದುಕೊಳ್ಳುವಳು. ಬಂದವರೆಲ್ಲರಿಗೂ ಅವಳದು ಒಂದೇ ಮಾತು: “ನಿಮಗೇನು ಕಮ್ಮಿಯಮ್ಮ, ಲಕ್ಷಣವಾಗಿದ್ದೀರ.” ಅವರು ಹೊಸಿಲು ದಾಟಿದ ಮೇಲೆ ಮಾತೇ ಬೇರೆ. ಒಬ್ಬಳ ತೋಳು ಒನಕೆ, ಇನ್ನೊಬ್ಬಳ ಬೆನ್ನು ಹಲಗೆ. ಅವಳಿಗೆ ಯಾರ ಮೇಲೂ ಹಗೆಯಿರಲಿಲ್ಲ. ಕತ್ತರಿಯ ಜೊತೆಗೆ ಬಾಯಿಯೂ ಆಡುತ್ತಿತ್ತು, ಅಷ್ಟೆ. ಮಗಳು ಕೇಳಿ ನಗುತ್ತಿದ್ದಳು.

ಮಗಳಿಗೆ ಹದಿನಾಲ್ಕು ತುಂಬಿತು. ಹಬ್ಬಕ್ಕೆ ಅವಳಿಗೊಂದು ರವಿಕೆ ಹೊಲಿಯೋಣವೆಂದು ತಾಯಿ ಟೇಪು ತೆಗೆದಳು. ಹುಡುಗಿ ಮೈ ಮುಟ್ಟಗೊಡಲಿಲ್ಲ. ಎರಡು ವರ್ಷ ಹಳೆಯ ತನ್ನದೊಂದು ರವಿಕೆ ತಂದುಕೊಟ್ಟು, “ಇದೇ ಅಳತೆಗೆ ಹೊಲಿ. ಹಬ್ಬದ ಹೊತ್ತಿಗೆ ಸಣ್ಣ ಆಗ್ತೀನಿ” ಎಂದಳು. ಅಂದಿನಿಂದ ಒಂದು ಹೊತ್ತಿನ ಊಟ ಬಿಟ್ಟಳು. ಆಮೇಲೆ ಎರಡು ಹೊತ್ತಿನದು. ಒಂದು ದಿನ ನೀರಿನ ಕೊಡ ಎತ್ತಲು ಹೋಗಿ ತಲೆಸುತ್ತಿ ಬಿದ್ದಳು.

ತಾಯಿಯ ಜೀವ ಬಾಯಿಗೆ ಬಂತು. ಮಗಳನ್ನು ಎತ್ತಿ ಕೂರಿಸಿ, ಗಲ್ಲ ಹಿಡಿದು, “ನಿನಗೇನು ಕಮ್ಮಿಯಮ್ಮ, ಲಕ್ಷಣವಾಗಿದ್ದೀಯ” ಎಂದಳು.

ಹುಡುಗಿ ಕೇಳಿದಳು: “ನಾನು ಹೊಸಿಲು ದಾಟಿದ ಮೇಲೆ ಏನಂತೀಯಮ್ಮ?”

ಸ್ವಾಮಿಗಳು ಅಲ್ಲಿಗೆ ನಿಲ್ಲಿಸಿದರು. ಇಂಚರ ತಲೆಯೆತ್ತಿ ಅವರನ್ನು ನೋಡಿದಳು. ದಾಕ್ಷಾಯಿಣಿಗೆ ತಡೆಯಲಾಗಲಿಲ್ಲ.

“ಅದಕ್ಕೆ ಆ ತಾಯಿ ಏನಂದ್ಲು ಬುದ್ಧೀ?”

“ಅದಿರಲಿ ತಾಯಿ, ಆಗಲೇ ನೆರೆಮನೆಯಾಕೆ ಮೆಟ್ಟಿಲಿಳಿದ ಮೇಲೆ ನೀನು ಏನಂದೆ?”

ದಾಕ್ಷಾಯಿಣಿ ತಲೆತಗ್ಗಿಸಿದಳು.