ಹಾಲು ಕುಡಿಯದ ಬೊಂಬೆ

"ಗುರುಗಳೇ, ನಮ್ಮಲ್ಲಿ ಎದೆಹಾಲಿನ ಬಗ್ಗೆ ವಾರಕ್ಕೆ ಮೂರು ಪಾಠ ನಡೆಯುತ್ತದೆ. ಗೋಡೆ ತುಂಬ ಚಿತ್ರಗಳಿವೆ. ಆದರೂ ತಿಂಗಳು ತುಂಬದೆ ಹುಟ್ಟಿದ ಕೂಸುಗಳ ತಾಯಂದಿರಿಗೆ ಹಾಲು ಬತ್ತಿಹೋಗುತ್ತದೆ. ಇನ್ನೇನು ಕಲಿಸಬೇಕು?" ಎಂದು ಶಿಷ್ಯೆ ಕೇಳಿದಳು. ಅವಳು ನವಜಾತ ಶಿಶುಗಳ ತೀವ್ರ ನಿಗಾ ಘಟಕದ ವೈದ್ಯೆ.

ಗುರುಗಳು ಒಂದು ಕತೆ ಹೇಳಿದರು.

ಒಂದು ಆಸ್ಪತ್ರೆಯಲ್ಲಿ ಒಬ್ಬ ನರ್ಸ್ ಇದ್ದಳು. ಹಾಲೂಡಿಸುವುದನ್ನು ಕಲಿಸುವುದು ಅವಳ ಕೆಲಸ. ಕೂಸುಗಳು ಗಾಜಿನ ಆಚೆ, ಬೆಚ್ಚಗಿನ ಪೆಟ್ಟಿಗೆಗಳಲ್ಲಿ. ತಾಯಂದಿರು ಈಚೆ, ಪಾಠದ ಕೋಣೆಯಲ್ಲಿ. ಕಲಿಕೆಗೆಂದು ಒಂದು ಬಟ್ಟೆಯ ಬೊಂಬೆ ಇತ್ತು. ತಾಯಂದಿರು ಸರದಿಯ ಮೇಲೆ ಅದನ್ನು ಎದೆಗೆ ಒತ್ತಿಕೊಂಡು ಕೂರುತ್ತಿದ್ದರು. ಸ್ವಂತ ಕೂಸನ್ನು ನೋಡಲು ಸಂಜೆ ಅರ್ಧ ಗಂಟೆ, ಅದೂ ಗಾಜಿನ ಹೊರಗಿನಿಂದ. ಇಡೀ ಆಸ್ಪತ್ರೆಯಲ್ಲಿ ಅತಿ ಹೆಚ್ಚು ಮಡಿಲು ಕಂಡದ್ದು ಆ ಬೊಂಬೆ. ನರ್ಸಿಗೆ ಇದರಲ್ಲಿ ತಪ್ಪೇನೂ ಕಂಡಿರಲಿಲ್ಲ. ಅವಳ ಪಾಠಕ್ಕೆ ಪ್ರಶಸ್ತಿಯೂ ಬಂದಿತ್ತು.

ಅಲ್ಲಿಗೆ ಒಬ್ಬ ತಾಯಿ ಬಂದಳು. ಅವಳ ಹೆಣ್ಣುಕೂಸು ಒಂದು ಕಿಲೋ ಇನ್ನೂರು ಗ್ರಾಂ. ನಾಲ್ಕನೆಯ ದಿನ ಹಿಂಡಿದಾಗ ಮೂರು ಚಮಚ ಹಾಲು ಬಂತು. ಏಳನೆಯ ದಿನ ಒಂದು. ಹತ್ತನೆಯ ದಿನ ಬಟ್ಟಲಿನ ತಳ ಒದ್ದೆಯಾಯಿತು, ಅಷ್ಟೇ. "ನಾಳೆಯಿಂದ ಪುಡಿ ಹಾಲು" ಎಂದು ದೊಡ್ಡ ಡಾಕ್ಟರು ಚೀಟಿಯಲ್ಲಿ ಬರೆದರು. ಇಂಥ ಎಳೆಯ ಕರುಳಿಗೆ ಪುಡಿ ಹಾಲು ಒಗ್ಗುವುದು ಕಷ್ಟವೆಂದು ನರ್ಸಿಗೆ ಗೊತ್ತಿತ್ತು. ಗಾಬರಿಯಿಂದ ತನಗೆ ಬರುತ್ತಿದ್ದ ಒಂದೇ ಕೆಲಸ ಮಾಡಿದಳು. ಬೊಂಬೆ ತಂದು ತಾಯಿಯ ಮಡಿಲಿಗಿಟ್ಟಳು.

"ಇದೇ ನಿನ್ನ ಕೂಸು ಅಂದ್ಕೊಳಮ್ಮ. ಹಾಲು ಇಳಿಯುತ್ತೆ."

ತಾಯಿ ಬೊಂಬೆಯನ್ನು ತಿರುಗಿಸಿ ನೋಡಿದಳು. "ಇದು ಅಳಲ್ಲ, ಚೀಪಲ್ಲ, ಮೂಸಿದ್ರೆ ಫಿನಾಯಿಲ್ ವಾಸನೆ. ಹತ್ತು ದಿನದಿಂದ ಇದನ್ನೇ ಎತ್ತಿಕೊಂಡಿದ್ದೀನಲ್ಲ ಅಕ್ಕಾ, ನನ್ನ ಮಗೂನ ಯಾರು ಎತ್ತಿಕೊಂಡಿದ್ದಾರೆ?"

ನರ್ಸ್ ಎದ್ದಳು. ತಾಯಿಯ ಕೈಗಳನ್ನು ಮೊಣಕೈವರೆಗೆ ತೊಳೆಸಿದಳು. ಒಳಗೆ ಕರೆದೊಯ್ದು ದೊಡ್ಡ ಡಾಕ್ಟರ ಕುರ್ಚಿಯಲ್ಲೇ ಕೂರಿಸಿದಳು. ಕೂಸಿನ ಉಸಿರು ಸರಿಯಾಗಿದೆಯೆಂದು ನೋಡಿಕೊಂಡು, ಹಾಲು ಹನಿಸುವ ಮೂಗಿನ ನಳಿಕೆಯ ಸಮೇತ ಅದನ್ನು ತಾಯಿಯ ಬರಿಯ ಎದೆಯ ಮೇಲೆ ಮಲಗಿಸಿದಳು.

ದೊಡ್ಡ ಡಾಕ್ಟರು ಓಡಿ ಬಂದರು. "ಹೊರಗಿನವರನ್ನ ಯಾರ್ರೀ ಒಳಗೆ ಬಿಟ್ಟಿದ್ದು? ಸೋಂಕು ತಗುಲಿದ್ರೆ?"

"ಎಸಿ ರಿಪೇರಿಯವನು ವಾರಕ್ಕೆ ಮೂರು ಸಲ ಒಳಗೆ ಬರ್ತಾನೆ ಸಾರ್. ಇವಳಾದ್ರೂ ಕೈ ತೊಳ್ಕೊಂಡು ಬಂದಿದ್ದಾಳೆ."

ಡಾಕ್ಟರು ಎಸಿಯ ಕಡೆ ನೋಡಿದರು. ಅದು ಆಗಲೂ ಕೆಟ್ಟಿತ್ತು. "ಎರಡು ದಿನ ನೋಡೋಣ. ಅಲ್ಲೀವರೆಗೆ ಡ್ರಿಪ್ ಇರಲಿ" ಎಂದರು.

ಮರುದಿನ ಸಂಜೆ ಕೂಸು ತುಟಿ ಆಡಿಸಿತು. ತಾಯಿಯ ಎದೆ ಒದ್ದೆಯಾಯಿತು. ಅದರ ಮರುದಿನ ಬಟ್ಟಲು ತುಂಬಿತು. ಪುಡಿ ಹಾಲಿನ ಡಬ್ಬಿಯ ಮುಚ್ಚಳ ತೆಗೆಯಲೇ ಇಲ್ಲ. ತಿಂಗಳೊಳಗೆ ಪ್ರತಿ ಪೆಟ್ಟಿಗೆಯ ಪಕ್ಕದಲ್ಲೂ ಒಂದು ಕುರ್ಚಿ ಬಂತು, ಪ್ರತಿ ಕುರ್ಚಿಯಲ್ಲೂ ಒಬ್ಬ ತಾಯಿ. ಐವತ್ತನೆಯ ದಿನ ಆ ಹೆಣ್ಣುಕೂಸು ಎರಡು ಕಿಲೋ ದಾಟಿ, ತಾಯಿಯ ಮೊಲೆಯನ್ನು ತಾನೇ ಚೀಪಿ ಕುಡಿಯುತ್ತ ಮನೆಗೆ ಹೊರಟಿತು. ಕುರ್ಚಿಯ ಉಪಾಯ ತಮ್ಮದೇ ಎಂದು ದೊಡ್ಡ ಡಾಕ್ಟರು ಬಂದವರಿಗೆಲ್ಲ ಹೇಳಿದರು. ನರ್ಸಿಗೆ ಇನ್ನೊಂದು ಪ್ರಶಸ್ತಿ ಬರಲಿಲ್ಲ. ಪಾಠದ ಕೋಣೆ ಖಾಲಿಯಾಗಿತ್ತು, ಎಲ್ಲರೂ ಒಳಗಿದ್ದರು. ಅವಳು ಆ ಕೋಣೆಗೆ ಬೀಗ ಹಾಕಿ, ನಗುತ್ತ ಒಳಗೆ ಹೋದಳು.

ಶಿಷ್ಯೆ ಪುಸ್ತಕ ತೆಗೆದು ಬರೆದುಕೊಳ್ಳತೊಡಗಿದಳು.

ಗುರುಗಳು ಕೇಳಿದರು: "ನಿನ್ನ ಘಟಕದಲ್ಲಿ ತಾಯಂದಿರಿಗೆ ಭೇಟಿಯ ಸಮಯ ಎಷ್ಟರಿಂದ ಎಷ್ಟರವರೆಗೆ?"

"ಸಂಜೆ ಐದರಿಂದ ಐದೂವರೆ, ಗಾಜಿನ ಹೊರಗಿನಿಂದ" ಎಂದಳು ಶಿಷ್ಯೆ. ಬರೆಯುತ್ತಿದ್ದ ಪುಸ್ತಕ ಮುಚ್ಚಿ ಎದ್ದಳು.